ಉಪನ್ಯಾಸಶಾಲೆಯೂ ಪ್ರಯೋಗಶಾಲೆಯೂ
ವಿಜ್ಞಾನಪ್ರವಚನದ ಚರಿತ್ರೆಯಲ್ಲಿ ಕೆಲವು ವಿಚಾರಗಳು

೧

ವಿದ್ಯೆಯು ನಾಲ್ಕು ಬಗೆಯಲ್ಲಿ ಸಾರ್ಥಕವಾಗುವುದೆಂದು ಭಗವಾನ್ ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿ ಹೇಳಿರುವನು. ಗುರುಮುಖದಿಂದ ಪಡೆಯುವುದು ಒಂದು. ತಾನೇ ಕುಳಿತು ಅಭ್ಯಾಸಮಾಡುವುದು ಎರಡು. ಇತರರಿಗೆ ಪ್ರವಚನಮಾಡುವುದು ಮೂರು. ವ್ಯವಹಾರದಲ್ಲಿ ಬಳಸುವುದು ನಾಲ್ಕು. ಪ್ರವಚನವನ್ನು ಇಲ್ಲಿ ವಿದ್ಯೆಯ ಅಲಂಕಾರವೆಂದಾಗಲಿ ವಿದ್ವಾಂಸನ ಔದಾರ್ಯವೆಂದಾಗಲಿ ಎಣಿಸಿಲ್ಲ. ವಿದ್ಯೆಯ ಒಂದು ಅವಸ್ಥೆಯೆಂದೇ ಎಣಿಸಿದೆ. ಈ ಅವಸ್ಥೆಯನ್ನು ಮುಟ್ಟದ ವಿದ್ಯೆಯು ಅಷ್ಟರಮಟ್ಟಿಗೆ ಅಪೂರ್ಣವೆಂಬುದು ತಾತ್ಪರ್ಯ.

ಇಂದು ನಮ್ಮ ದೇಶದ ಅನೇಕ ವೈಜ್ಞಾನಿಕ ಸಂಶೋಧನಾಲಯಗಳು ವರ್ಷಕ್ಕೊಮ್ಮೆ ತಮ್ಮ ಬಾಗಿಲುಗಳನ್ನು ಸಾಮಾನ್ಯ ಜನರಿಗೆ ತೆರೆದು, ಯಂತ್ರಗಳನ್ನು ತೋರಿಸಿ, ಪ್ರಯೋಗಗಳನ್ನು ಮಾಡಿ, ಉಪನ್ಯಾಸಗಳನ್ನು ನಡೆಸುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ. ಇದನ್ನು ಕುರಿತು ವಿದ್ವಾಂಸರಲ್ಲಿಯೇ ಒಂದು ಅಭಿಪ್ರಾಯವು ಬೇರೂರಿದೆ. ಸಂಶೋಧನೆಯೇ ಊಟ, ಜನರಿಗೆ ಹೇಳುವುದು ಊಟವಾದ ಮೇಲಿನ ತಾಂಬೂಲ. ಇದ್ದರೆ ಚೆನ್ನ, ಇಲ್ಲದಿದ್ದರೆ ಹಸಿವೇನೂ ಉಳಿಯದು, ಎಂಬುದೇ ಆ ಅಭಿಪ್ರಾಯ. ಚರಿತ್ರೆಯನ್ನು ಪರಿಶೀಲಿಸಿದರೆ ಇದು ನಿಲ್ಲುವುದಿಲ್ಲ. ಲಂಡನ್ ನಗರದ ಒಂದು ಸಂಸ್ಥೆ, ಅದನ್ನು ಮಾದರಿಯಾಗಿ ಇಟ್ಟುಕೊಂಡ ಕಲಕತ್ತೆಯ ಒಂದು ಸಂಸ್ಥೆ, ಕಲಕತ್ತೆಯಿಂದ ಬೆಂಗಳೂರಿಗೆ ಬಂದ ಒಂದು ಪರಂಪರೆ, ಇವುಗಳನ್ನು ಕ್ರಮವಾಗಿ ನೋಡಿದಲ್ಲಿ ಪ್ರಯೋಗಶಾಲೆಗೆ ಅನ್ನವಿಕ್ಕಿದುದು ಉಪನ್ಯಾಸಶಾಲೆಯೇ ಎಂಬುದು ಗೋಚರವಾಗುತ್ತದೆ. ಆ ಪರಂಪರೆಯು ಕನ್ನಡನಾಡಿನಲ್ಲಿ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನೂ ಕೊನೆಯಲ್ಲಿ ವಿಚಾರಿಸಬೇಕಾಗಿದೆ.

೨

ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ ಎಂಬ ಸಂಸ್ಥೆಯು ೧೭೯೯ರಲ್ಲಿ ಸ್ಥಾಪಿತವಾಯಿತು. ಉಪಯುಕ್ತವಾದ ಯಂತ್ರಗಳ ಜ್ಞಾನವನ್ನು ಹರಡುವುದು, ಉಪನ್ಯಾಸಗಳಿಂದಲೂ ಪ್ರಯೋಗಗಳಿಂದಲೂ ವಿಜ್ಞಾನವನ್ನು ಬೋಧಿಸುವುದು, ಇವು ಅದರ ಉದ್ದೇಶಗಳು. ೧೮೦೧ರಲ್ಲಿ ಹಂಫ್ರಿ ಡೇವಿ ಎಂಬ ತರುಣನು ಅಲ್ಲಿ ರಸಾಯನಶಾಸ್ತ್ರದ ಉಪನ್ಯಾಸಗಳನ್ನು ಆರಂಭಿಸಿದನು. ಆತನ ವಾಕ್ಪಟುತ್ವವೂ ಪ್ರಯೋಗಕೌಶಲವೂ ಎಷ್ಟು ಜನರನ್ನು ಸೆಳೆದುವೆಂದರೆ, ಆ ಬೀದಿಯಲ್ಲಿ ಗಾಡಿಗಳ ಸಂದಣಿ ಹೆಚ್ಚಿ ಏಕಮುಖಸಂಚಾರದ ಕಟ್ಟಳೆಯನ್ನು ಮಾಡಬೇಕಾಯಿತೆಂದು ಹೇಳುವುದುಂಟು. ಕೇಳಲು ಬಂದವರ ಹಣದಿಂದಲೇ ಸಂಸ್ಥೆಯು ಉಸಿರಾಡಿತು. ಆ ಆಧಾರದ ಮೇಲೆಯೇ ಡೇವಿಯು ವಿದ್ಯುತ್ತಿನ ಸಹಾಯದಿಂದ ಪೊಟ್ಯಾಸಿಯಂ, ಸೋಡಿಯಂ ಮುಂತಾದ ಧಾತುಗಳನ್ನು ಬೇರ್ಪಡಿಸಿದನು.

ಇಷ್ಟಾದರೆ ಹಣದ ಮಾತಾಯಿತು. ಇದಕ್ಕಿಂತ ಗಹನವಾದ ಇನ್ನೊಂದು ಸಂಗತಿಯುಂಟು. ಡೇವಿಯ ಉಪನ್ಯಾಸಗಳನ್ನು ಕೇಳಿದ ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಸಂವಾದರೂಪದಲ್ಲಿ ತಿಳಿಸುವ ಒಂದು ಪುಸ್ತಕವನ್ನು ಬರೆದಳು. ಆ ಪುಸ್ತಕವು ಬಡ ಕಮ್ಮಾರನ ಮಗನೂ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದವನೂ ಆದ ಮೈಕೇಲ್ ಫ್ಯಾರಡೆಯ ಕೈಗೆ ಬಿದ್ದಿತು. ೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಚೀಟಿಯಿಂದ ಆತನು ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳಿ, ಕೇಳಿದುದನ್ನು ಬರೆದುಕೊಂಡು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ೧೮೧೩ರ ಮಾರ್ಚಿಯಲ್ಲಿ ಆತನಿಗೆ ಆ ಸಂಸ್ಥೆಯಲ್ಲಿ ಸಹಾಯಕನ ಕೆಲಸವು ದೊರೆಯಿತು. ೧೮೩೧ರ ಆಗಸ್ಟ್ ೨೯ರಂದು ಅದೇ ಕಟ್ಟಡದ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ವಿದ್ಯುತ್ಕಾಂತಪ್ರೇರಣೆಯನ್ನು ಕಂಡವನು ಈತನೇ. ಮೇಲೆ ಉಪನ್ಯಾಸಶಾಲೆ, ಕೆಳಗೆ ಪ್ರಯೋಗಶಾಲೆ. ಮೇಲೆ ಕೇಳಿದವನು ಕೆಳಗಿಳಿದು ಕಂಡನು. ಇಂದು ಮನೆಮನೆಗೆ ವಿದ್ಯುತ್ತನ್ನು ಒದಗಿಸುವ ಜನಕಯಂತ್ರಗಳ ಮೂಲತತ್ತ್ವವು ಒಂದು ಪ್ರವೇಶಚೀಟಿಯ ಸಂತತಿಯೆಂದರೆ ಅತಿಶಯೋಕ್ತಿಯಾಗದು.

ಫ್ಯಾರಡೆಯು ಈ ಋಣವನ್ನು ಮರೆಯಲಿಲ್ಲ. ೧೮೨೫ರಲ್ಲಿ ಶುಕ್ರವಾರ ಸಂಜೆಯ ಪ್ರವಚನಗಳೂ ಎಳೆಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳೂ ಆರಂಭವಾದುವು. ಎಳೆಯರ ಉಪನ್ಯಾಸಮಾಲೆಯನ್ನು ಆತನು ಹತ್ತೊಂಬತ್ತು ಸಲ ನಡೆಸಿದನು. ಅವುಗಳಲ್ಲಿ ಮೇಣದ ಬತ್ತಿಯೊಂದನ್ನೇ ವಿಷಯವನ್ನಾಗಿಟ್ಟುಕೊಂಡು ಜ್ವಾಲೆ, ವಾಯು, ಜಲ, ಶ್ವಾಸೋಚ್ಛ್ವಾಸ ಇವುಗಳ ಸಂಬಂಧವನ್ನು ತೋರಿಸಿದ ಮಾಲೆಯು ಲೋಕಪ್ರಸಿದ್ಧವಾಗಿದೆ. ಮಹಾಯುದ್ಧದ ೧೯೩೯ರಿಂದ ೧೯೪೨ರ ವರೆಗಿನ ವರ್ಷಗಳನ್ನು ಬಿಟ್ಟರೆ ಈ ಕ್ರಮವು ಮುರಿದಿಲ್ಲ.

೩

ಈ ಮಾದರಿಯು ಭಾರತಕ್ಕೆ ಬಂದ ಬಗೆಯು ವಿಚಾರಾರ್ಹವಾಗಿದೆ. ಡಾಕ್ಟರ್ ಮಹೇಂದ್ರಲಾಲ ಸರ್ಕಾರ್ ಎಂಬವರು (೧೮೩೩–೧೯೦೪) ಕಲಕತ್ತೆಯಲ್ಲಿ ಹೆಸರಾಂತ ವೈದ್ಯರು. ೧೮೬೯ರಲ್ಲಿ ಅವರು ತಮ್ಮ ವೈದ್ಯಪತ್ರಿಕೆಯಲ್ಲಿ, ಭಾರತೀಯರೇ ವಿಜ್ಞಾನವನ್ನು ಕೃಷಿಮಾಡುವುದಕ್ಕಾಗಿ ಒಂದು ರಾಷ್ಟ್ರೀಯ ಸಂಸ್ಥೆಯು ಬೇಕೆಂದು ಲೇಖನವನ್ನು ಪ್ರಕಟಿಸಿದರು. ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನ ಲಕ್ಷಣವನ್ನೂ ಬ್ರಿಟಿಷ್ ಅಸೋಸಿಯೇಷನ್ನಿನ ಲಕ್ಷಣವನ್ನೂ ಒಂದರಲ್ಲಿ ಕೂಡಿಸಬೇಕೆಂಬುದು ಅವರ ಸಂಕಲ್ಪ. ೧೮೭೨ರಲ್ಲಿ ಬಂಕಿಮಚಂದ್ರರು ತಮ್ಮ ‘ಬಂಗದರ್ಶನ’ದಲ್ಲಿ ಈ ಸಂಕಲ್ಪವನ್ನು ಬೆಂಬಲಿಸಿ ಬಂಗಾಳಿಯಲ್ಲಿ ಬರೆದರು. ಚಂದಾ ಕೂಡಿಸುವುದರಲ್ಲಿ ವರ್ಷಗಳು ಕಳೆದುವು.

ಅಷ್ಟರಲ್ಲಿ ಒಂದು ವಿವಾದವೂ ಎದ್ದಿತು. ದೇಶಕ್ಕೆ ಮೊದಲು ಬೇಕಾದುದು ಕೈಗಾರಿಕೆಗಳನ್ನು ಕಲಿಸುವ ಶಿಲ್ಪಶಾಲೆಯೇ ಹೊರತು ಶುದ್ಧವಿಜ್ಞಾನದ ಸಭೆಯಲ್ಲವೆಂದು ಇಂಡಿಯನ್ ಲೀಗ್ ಎಂಬ ಸಂಘದವರು ವಾದಿಸಿದರು. ಈ ವಾದದಲ್ಲಿ ಸತ್ತ್ವವಿರಲಿಲ್ಲವೆಂದು ಹೇಳುವಂತಿಲ್ಲ. ಹೊಟ್ಟೆಯ ಪ್ರಶ್ನೆಯು ಅಂದೂ ಇದ್ದಿತು. ಆದರೆ ಪರರು ಕಂಡುಹಿಡಿದುದನ್ನು ಬಳಸುವುದಷ್ಟೇ ಸಾಲದು, ಕಂಡುಹಿಡಿಯುವ ಬುದ್ಧಿಯೂ ನಮ್ಮದಾಗಬೇಕು ಎಂಬ ಸರ್ಕಾರರ ಪಕ್ಷವೇ ಕೊನೆಗೆ ನಿಂತಿತು. ೧೮೭೬ರ ಜುಲೈ ೨೯ರಂದು ಕಲಕತ್ತೆಯ ಬೌಬಜಾರ್ ಬೀದಿಯಲ್ಲಿ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಇಂಗ್ಲೀಷಿನಲ್ಲಿ ಅದಕ್ಕೆ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂದು ಹೆಸರು. ಬಂಗಾಳಿಯಲ್ಲಿ ಭಾರತವರ್ಷೀಯ ವಿಜ್ಞಾನಸಭೆ. ಇನ್ನು ಮುಂದೆ ವಿಜ್ಞಾನಸಭೆಯೆಂದೇ ಕರೆಯೋಣ.

ಈ ಸಭೆಯು ಮೊದಲ ಮೂವತ್ತು ವರ್ಷ ಮುಖ್ಯವಾಗಿ ಉಪನ್ಯಾಸಶಾಲೆಯೇ ಆಗಿದ್ದಿತು. ಸೇಂಟ್ ಝೇವಿಯರ್ ಕಾಲೇಜಿನ ಪಾದ್ರಿ ಯೂಜೀನ್ ಲಾಫಾಂ ಎಂಬ ಬೆಲ್ಜಿಯಂ ದೇಶದ ವಿದ್ವಾಂಸರು ಅನೇಕ ವರ್ಷ ಸಂಜೆಯ ಹೊತ್ತು ಬಂದು ಪ್ರಯೋಗಸಹಿತವಾಗಿ ಭೌತಶಾಸ್ತ್ರವನ್ನು ವಿವರಿಸುತ್ತಿದ್ದರು. ಸರ್ಕಾರರು ತಾವೇ ಉಪನ್ಯಾಸಮಾಡುತ್ತಿದ್ದರು. ಲಾಫಾಂ ಅವರ ಶಿಷ್ಯರಾದ ಜಗದೀಶಚಂದ್ರ ಬಸುಗಳೂ, ಮುಂದೆ ಕಲಕತ್ತೆಯ ವಿಶ್ವವಿದ್ಯಾನಿಲಯವನ್ನು ಕಟ್ಟಿದ ಆಶುತೋಷ ಮುಖರ್ಜಿಗಳೂ ಅಲ್ಲಿ ಉಪನ್ಯಾಸ ಮಾಡಿದರು. ವಿಜಯನಗರದ ಮಹಾರಾಜರ ದ್ರವ್ಯದಿಂದ ಪ್ರಯೋಗಶಾಲೆಯೂ ಏರ್ಪಟ್ಟಿತು. ಆದರೆ ಸಂಬಳ ಪಡೆದು ಪೂರ್ಣಕಾಲ ಸಂಶೋಧನೆಯಲ್ಲಿ ನಿರತರಾಗುವ ಪ್ರಾಧ್ಯಾಪಕರನ್ನು ನಿಲ್ಲಿಸಲು ಬೇಕಾದ ದತ್ತಿಯು ದೊರೆಯಲಿಲ್ಲ. ಉಪಕರಣಗಳಿದ್ದುವು, ಮುಟ್ಟುವವರಿರಲಿಲ್ಲ. ತಮ್ಮ ಆಯುಷ್ಯವನ್ನೆಲ್ಲ ಧಾರೆಯೆರೆದುದು ನಿಷ್ಫಲವಾಯಿತೆಂಬ ನೋವಿನಲ್ಲಿಯೇ ಸರ್ಕಾರರು ೧೯೦೪ರಲ್ಲಿ ದಿವಂಗತರಾದರು.

ಇಲ್ಲಿಗೆ ಕಥೆಯು ಮುಗಿದಿದ್ದರೆ ಪೂರ್ವಪಕ್ಷವೇ ಗೆದ್ದಂತಾಗುತ್ತಿದ್ದಿತು. ಮೂವತ್ತು ವರ್ಷದ ಉಪನ್ಯಾಸಗಳಿಂದ ಏನು ಹುಟ್ಟಿತು ಎಂದು ಕೇಳಿದವರಿಗೆ ಉತ್ತರವಿರುತ್ತಿರಲಿಲ್ಲ.

೪

ಉತ್ತರವು ಟ್ರಾಮ್ ಗಾಡಿಯಲ್ಲಿ ಬಂದಿತು. ೧೯೦೭ರಲ್ಲಿ ಸರ್ಕಾರದ ಹಣಕಾಸಿನ ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಬಂದ ಚಂದ್ರಶೇಖರ ವೆಂಕಟರಾಮನ್ನರಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಬೌಬಜಾರಿನಲ್ಲಿ ಹೋಗುತ್ತಿರುವಾಗ ಅವರ ಕಣ್ಣಿಗೆ ವಿಜ್ಞಾನಸಭೆಯ ಹಲಗೆಯು ಬಿದ್ದಿತು, ಇಳಿದು ಒಳಹೊಕ್ಕರು. ಅಲ್ಲಿ ಅವರಿಗೆ ಮೊದಲು ಎದುರಾದವರು ಆಶುತೋಷ ದೇ ಎಂಬ ಸಹಾಯಕರು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದ ಈ ಆಶುಬಾಬುಗಳು ಮುಂದೆ ದೀರ್ಘಕಾಲ ರಾಮನ್ನರ ಪ್ರಯೋಗಗಳಲ್ಲಿ ಬಲಗೈಯಾದರು. ಸಭೆಯ ಕಾರ್ಯದರ್ಶಿಗಳಾಗಿದ್ದ ಸರ್ಕಾರರ ಮಗ ಅಮೃತಲಾಲರು, ತಮ್ಮ ತಂದೆಯು ಯಾರಿಗಾಗಿ ಕಾದಿದ್ದರೋ ಆತನೇ ಬಂದನೆಂಬಂತೆ ಪ್ರಯೋಗಶಾಲೆಯನ್ನು ಬಿಟ್ಟುಕೊಟ್ಟರು. ಕಚೇರಿಗೆ ಮುಂಚೆ ಬೆಳಗ್ಗೆ, ಕಚೇರಿಯ ಬಳಿಕ ಸಂಜೆಯಿಂದ ರಾತ್ರಿ, ಹೀಗೆ ಹತ್ತು ವರ್ಷ ರಾಮನ್ನರು ಅಲ್ಲಿ ದುಡಿದರು. ೧೯೧೭ರಲ್ಲಿ ಆಶುತೋಷ ಮುಖರ್ಜಿಗಳ ಪ್ರೇರಣೆಯಿಂದ ಪಾಲಿತ್ ಪ್ರಾಧ್ಯಾಪಕರಾದ ಮೇಲೆಯೂ ಅವರ ಪ್ರಯೋಗಸ್ಥಾನವು ಸಭೆಯಾಗಿಯೇ ಉಳಿಯಿತು. ಸರ್ಕಾರರು ಹಾಕಿಕೊಟ್ಟ ಸಾರ್ವಜನಿಕ ಉಪನ್ಯಾಸದ ಪದ್ಧತಿಯನ್ನೂ ಅವರು ಅಲ್ಲಿ ಮುಂದುವರಿಸಿದರು.

೧೯೨೮ರ ಫೆಬ್ರುವರಿಯಲ್ಲಿ ರಾಮನ್ನರೂ ಅವರ ಶಿಷ್ಯ ಕೆ. ಎಸ್. ಕೃಷ್ಣನ್ನರೂ ನಡೆಸಿದ ಪ್ರಯೋಗದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸೂರ್ಯನ ಬೆಳಕನ್ನು ಮಸೂರಗಳಿಂದ ಕೂಡಿಸಿ, ನೇರಿಳೆಯ ಬಣ್ಣವನ್ನು ಮಾತ್ರ ಬಿಡುವ ಗಾಜಿನ ಮೂಲಕ ಹಾಯಿಸಿ, ಪರಿಶುದ್ಧವಾದ ದ್ರವದ ಮೇಲೆ ಬೀಳಿಸಿದರು. ದ್ರವದಿಂದ ಪಕ್ಕಕ್ಕೆ ಚೆದರಿದ ಬೆಳಕೂ ನೇರಿಳೆಯೇ ಆಗಿರಬೇಕಷ್ಟೆ. ಅದಕ್ಕೆ ಅಡ್ಡವಾಗಿ ನೇರಿಳೆಯನ್ನು ತಡೆದು ಹಸುರು ಹಳದಿಗಳನ್ನು ಬಿಡುವ ಇನ್ನೊಂದು ಗಾಜನ್ನು ಹಿಡಿದರೆ ಏನೂ ಕಾಣಬಾರದು. ಆದರೆ ಕತ್ತಲೆಗೆ ಒಗ್ಗಿದ ಕಣ್ಣಿಗೆ ಮಂದವಾದ ಬೆಳಕು ಕಂಡಿತು. ಒಳಹೋಗದಿದ್ದ ಬಣ್ಣವು ಹೊರಬಂದಿತು. ಎಂದರೆ ಬೆಳಕು ದ್ರವದ ಅಣುಗಳೊಡನೆ ಶಕ್ತಿಯನ್ನು ಕೊಟ್ಟು ತಂದು ಬಣ್ಣವನ್ನು ಬದಲಿಸಿಕೊಂಡಿದ್ದಿತು. ಫೆಬ್ರುವರಿ ೨೮ರಂದು ವರ್ಣಪಟಲದರ್ಶಕದಿಂದ ನೋಡಿ ಇದನ್ನು ನಿಶ್ಚಯಪಡಿಸಿಕೊಂಡರು. ಮರುದಿನ ಸುದ್ದಿಯು ವೃತ್ತಪತ್ರಿಕೆಗಳಿಗೆ ಹೋಯಿತು.

ಸೂರ್ಯ, ಎರಡು ಗಾಜು, ಒಂದು ದ್ರವ, ನೋಡುವ ಕಣ್ಣು: ಇವು ಉಪನ್ಯಾಸದ ಮೇಜಿನ ಮೇಲೆ ಇಡಬಹುದಾದ ಸಾಮಗ್ರಿಗಳು. ಮಹಾಶೋಧವೊಂದು ಸಭಿಕರ ಕಣ್ಣಿಗೆ ತೋರಿಸಬಹುದಾದ ರೂಪದಲ್ಲಿ ಬಂದುದನ್ನು ಕೇವಲ ಕಾಕತಾಳೀಯವೆಂದು ನಾನು ತಿಳಿಯಲಾರೆ. ತೋರಿಸಿ ತಿಳಿಸುವುದಕ್ಕಾಗಿ ಕಟ್ಟಿದ ಮನೆಯಲ್ಲಿ, ತೋರಿಸಿ ತಿಳಿಸುವ ಅಭ್ಯಾಸವುಳ್ಳವರು ಮಾಡಿದ ಪ್ರಯೋಗವದು. ಉಪನ್ಯಾಸವಿಲ್ಲದಿದ್ದರೆ ಆ ಮನೆಯೇ ಇರುತ್ತಿರಲಿಲ್ಲ, ಹಲಗೆಯೂ ಇರುತ್ತಿರಲಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಸಂಶೋಧಕನು ಬರುವ ವರೆಗೆ ಆ ಉಪನ್ಯಾಸಗಳಿಂದ ಹೊಸ ಜ್ಞಾನವು ಹೆಚ್ಚಾಗಿ ಹುಟ್ಟಲಿಲ್ಲ. ಪ್ರವಚನವೂ ಅಭ್ಯಾಸವೂ ಒಂದೇ ಸೂರಿನ ಕೆಳಗೆ ಕೂಡಿದಾಗಲೇ ಫಲವು ಕಂಡಿತೆಂಬುದೇ ನ್ಯಾಯವಾದ ನಿರ್ಣಯ.

೫

ಈ ಶೋಧವನ್ನು ವಿಸ್ತಾರವಾಗಿ ಮೊದಲು ಪ್ರವಚನಮಾಡಿದ ಸ್ಥಳವು ಬೆಂಗಳೂರು. ೧೯೨೮ರ ಮಾರ್ಚಿ ೧೬ರಂದು ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣಭಾರತ ವಿಜ್ಞಾನ ಸಂಘವನ್ನು ಉದ್ಘಾಟಿಸುತ್ತ ರಾಮನ್ನರು ‘ಒಂದು ನೂತನ ವಿಕಿರಣ’ ಎಂಬ ಅರ್ಥದ ಹೆಸರಿನಿಂದ ಉಪನ್ಯಾಸಮಾಡಿದರು. ಅದೇ ತಿಂಗಳ ೩೧ರಂದು ಅದು ಅಚ್ಚಾಗಿ ದೇಶಾಂತರಗಳ ವಿದ್ವಾಂಸರಿಗೆ ಹೋಯಿತು. ೧೯೩೦ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಭಾರತವು ೧೯೮೭ರಿಂದ ಫೆಬ್ರುವರಿ ೨೮ನ್ನು ರಾಷ್ಟ್ರೀಯ ವಿಜ್ಞಾನದಿನವಾಗಿ ಆಚರಿಸುತ್ತಿದೆ.

ಬೆಂಗಳೂರಿನಲ್ಲಿ ಆಡಿದ ಆ ಮಾತು ಇಂಗ್ಲೀಷಿನದು. ಅದರಲ್ಲಿ ದೋಷವೇನೂ ಇಲ್ಲ; ಕೇಳಿದವರು ವಿಜ್ಞಾನಿಗಳು. ಆದರೆ ಅದೇ ನಗರದಲ್ಲಿ ಅದಕ್ಕೆ ಹತ್ತು ವರ್ಷ ಮುಂಚೆ, ಅದೇ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಕೂಡಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದ್ದರೆಂಬುದನ್ನು ಮರೆಯಬಾರದು. ಪಂಪಭಾರತದ ಪರಿಷ್ಕರಣದಲ್ಲಿಯೂ ಕೈಯಿಟ್ಟ ಈ ಮಹನೀಯರಿಗೆ ಹಳಗನ್ನಡವೂ ಹೊಸ ವಿಜ್ಞಾನವೂ ಎರಡು ಲೋಕಗಳಾಗಿರಲಿಲ್ಲ. ಪತ್ರಿಕೆಯು ಸುಮಾರು ಎರಡು ವರ್ಷ ನಡೆದು ನಿಂತಿತು. ಅದು ಬಳಕೆಗೆ ತರಲು ಯತ್ನಿಸಿದ ಪರಿಭಾಷೆಯ ಪ್ರಶ್ನೆಯು ಮಾತ್ರ ನಿಲ್ಲಲಿಲ್ಲ.

ಪರಿಭಾಷೆಯ ವಿಷಯದಲ್ಲಿ ಶಾಸ್ತ್ರಾಭ್ಯಾಸಿಗಳಾದ ನಮ್ಮಂಥವರು ಒಂದು ತಪ್ಪನ್ನು ಮಾಡುತ್ತ ಬಂದಿದ್ದೇವೆ. ಧಾತುಪ್ರತ್ಯಯಗಳನ್ನು ಕೂಡಿಸಿ ನಿರ್ದುಷ್ಟವಾದ ಶಬ್ದವನ್ನು ರಚಿಸಿದರೆ ಕೆಲಸವು ಮುಗಿಯಿತೆಂದು ಭಾವಿಸುತ್ತೇವೆ. ‘ಆಮ್ಲಜನಕ’ ಎಂಬ ಮಾತನ್ನು ನೋಡಿರಿ. ಆಮ್ಲವನ್ನು ಹುಟ್ಟಿಸುವುದು ಎಂಬ ಯೌಗಿಕಾರ್ಥವು ಲವಾಸಿಯೆ ಎಂಬ ಫ್ರೆಂಚ್ ಪಂಡಿತನು ಆ ಅನಿಲಕ್ಕಿಟ್ಟ ಹೆಸರಿನ ಅನುವಾದ. ಆಮ್ಲಗಳೆಲ್ಲಕ್ಕೂ ಅದೇ ಮೂಲವೆಂದು ಆತನು ನಂಬಿದ್ದನು. ೧೮೧೦ರಲ್ಲಿ, ಮೇಲೆ ಹೇಳಿದ ಹಂಫ್ರಿ ಡೇವಿಯೇ, ಉಪ್ಪಿನಿಂದ ಬರುವ ಆಮ್ಲದಲ್ಲಿ ಈ ಅನಿಲವು ಇಲ್ಲವೇ ಇಲ್ಲವೆಂದು ತೋರಿಸಿದನು. ಯೋಗವು ಅಂದೇ ಸುಳ್ಳಾಯಿತು. ಆದರೂ ಮಾತು ಉಳಿಯಿತು, ಕನ್ನಡಕ್ಕೂ ಬಂದಿತು, ಇಂದು ಆಸ್ಪತ್ರೆಯ ಬಾಗಿಲಿನಲ್ಲಿ ನಿಂತ ರೋಗಿಯ ಬಂಧುವಿಗೂ ಅರ್ಥವಾಗುತ್ತದೆ. ಇದರಿಂದ ಏನು ಸಿದ್ಧವಾಯಿತು? ಪಾರಿಭಾಷಿಕ ಶಬ್ದಕ್ಕೆ ಪ್ರಾಣವು ಯೋಗದಿಂದ ಬರುವುದಿಲ್ಲ, ರೂಢಿಯಿಂದ ಬರುತ್ತದೆ. ರೂಢಿಯು ಕೋಶದಲ್ಲಿ ಹುಟ್ಟುವುದಿಲ್ಲ, ವಸ್ತುವನ್ನು ಎದುರಿಗಿಟ್ಟುಕೊಂಡು ಮಾತಾಡುವ ಕಡೆಯಲ್ಲಿ ಹುಟ್ಟುತ್ತದೆ. ಅಂಥ ಸ್ಥಳವೇ ಪ್ರಯೋಗಸಹಿತವಾದ ಉಪನ್ಯಾಸ, ಅಥವಾ ಪ್ರದರ್ಶನ.

೬

ರಾಮನ್ನರು ೧೯೩೩ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಊರಿನವರ ಬಾಯಲ್ಲಿ ಟಾಟಾ ಇನ್ಸ್ಟಿಟ್ಯೂಟ್ ಎಂದೇ ಹೆಸರಾದ ಈ ಸಂಸ್ಥೆಗೆ ಮೈಸೂರು ಸಂಸ್ಥಾನವು ೧೯೦೭ರಲ್ಲಿ ೩೭೧ ಎಕರೆಗೂ ಮೇಲ್ಪಟ್ಟ ನೆಲವನ್ನು ಕೊಟ್ಟಿದ್ದಿತು. ೧೯೪೮ರಲ್ಲಿ ರಾಮನ್ನರು ಸ್ಥಾಪಿಸಿದ ಸಂಶೋಧನಾಲಯವೂ ಸಂಸ್ಥಾನವು ಕೊಟ್ಟ ಭೂಮಿಯ ಮೇಲೆಯೇ ನಿಂತಿದೆ. ಅಲ್ಲಿ ಅವರು ಹರಳುಗಳು, ಖನಿಜಗಳು, ಚಿಟ್ಟೆಗಳು ಮುಂತಾದುವುಗಳ ಸಂಗ್ರಹಾಲಯವೊಂದನ್ನು ಮಾಡಿದ್ದರು. ಬಂದ ಮಕ್ಕಳಿಗೆ ತಾವೇ ಅದನ್ನು ತೋರಿಸುವುದರಲ್ಲಿ ಅವರಿಗೆ ಸಂತೋಷವಿದ್ದಿತು. ಕತ್ತಲೆಯ ಕೋಣೆಯಲ್ಲಿ ನೇರಿಳಾತೀತ ಕಿರಣಗಳಿಂದ ಹೊಳೆಯುವ ಕಲ್ಲುಗಳು ನೋಡಿದವರಿಗೆಲ್ಲ ವಿಸ್ಮಯವನ್ನುಂಟುಮಾಡುತ್ತಿದ್ದುವು. ಪ್ರತಿವರ್ಷ ಅಕ್ಟೋಬರ್ ೨ರಂದು ಗಾಂಧಿಯವರ ಸ್ಮಾರಕವಾಗಿ ಸಾರ್ವಜನಿಕ ಉಪನ್ಯಾಸವನ್ನು ಮಾಡುವ ವ್ರತವನ್ನು ಅವರು ೧೯೭೦ರ ವರೆಗೂ ಬಿಡಲಿಲ್ಲ. ಆ ನವೆಂಬರಿನಲ್ಲಿ ಅವರು ಕಾಲವಶರಾದರು. ಭಾರತೀಯ ವಿಜ್ಞಾನ ಸಂಸ್ಥೆಯೂ ವರ್ಷದಲ್ಲೊಂದು ದಿನ ತನ್ನ ಪ್ರಯೋಗಶಾಲೆಗಳನ್ನು ಜನರಿಗೆ ತೆರೆದಿಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಆ ದಿನ ಜನಸಾಗರವೇ ಅಲ್ಲಿ ನೆರೆಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾಲಯದ ಇಂಥ ಪ್ರದರ್ಶನಕ್ಕೆ ನಾನೂ ಹೋಗಿದ್ದೆನು. ಶೂನ್ಯಕ್ಕಿಂತ ೧೯೬ ಅಂಶ ಕೆಳಗಿನ ಶೈತ್ಯದ ದ್ರವದಲ್ಲಿ ತರುಣನೊಬ್ಬನು ಸೇವಂತಿಗೆಯ ಹೂವನ್ನು ಅದ್ದಿ ಮೇಜಿಗೆ ಬಡಿದನು. ಹೂವು ಗಾಜಿನಂತೆ ಪುಡಿಯಾಯಿತು. ವಿವರಣೆಯೂ ಫಲಕವೂ ಇಂಗ್ಲೀಷಿನಲ್ಲಿದ್ದುವು. ಮೊಮ್ಮಗನ ಕೈ ಹಿಡಿದು ನಿಂತಿದ್ದ ವೃದ್ಧೆಯೊಬ್ಬಳು, “ಹೂವಿನೊಳಗಿರೋ ನೀರು ಗಡ್ಡೆ ಕಟ್ಟಿತೇನಪ್ಪಾ?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯು ಅದೇ. ಕನ್ನಡವರಿಯದ ತರುಣನು ವಿನಯದಿಂದ ನಕ್ಕು ಸುಮ್ಮನಾದನು. ಹಿಂದೆ ಪಾತ್ರೆಗಳನ್ನು ತೊಳೆಯುತ್ತಿದ್ದ ಪ್ರಯೋಗಶಾಲೆಯ ಪರಿಚಾರಕನು ಕೈ ಒರೆಸಿಕೊಂಡು ಮುಂದೆ ಬಂದು, “ಹೌದಮ್ಮ, ನೀರೇ ಗಡ್ಡೆಯಾಗಿದ್ದು. ಅದಕ್ಕೇ ಬಾಗೋದಿಲ್ಲ, ಒಡೆಯುತ್ತೆ” ಎಂದನು. ಆಕೆ ಮೊಮ್ಮಗನಿಗೆ ಅದನ್ನೇ ಇನ್ನೊಮ್ಮೆ ಹೇಳಿದಳು. ನನಗೆ ಆಶುಬಾಬುಗಳ ನೆನಪಾಯಿತು. ಆ ದ್ರವದ ಹೆಸರು ಸಾರಜನಕ. ಪದವು ಕೋಶದಲ್ಲಿ ಬಹುಕಾಲದಿಂದ ಇದ್ದಿತು, ಫಲಕದಲ್ಲಿರಲಿಲ್ಲ. ಅದಕ್ಕೆ ಆ ತರುಣನನ್ನು ದೂರಲಾರೆ. ಪದವನ್ನು ಕೋಶದಲ್ಲಿಟ್ಟು ಫಲಕದವರೆಗೆ ಹೋಗದ ನಾವೂ ಸಮಭಾಗಿಗಳು.

೭

ಈ ವಿಚಾರದಿಂದ ನಿಷ್ಪನ್ನವಾಗುವ ಅಂಶಗಳು ಕೆಲವೇ. ಸಂಶೋಧನಾಲಯದ ಪ್ರದರ್ಶನವು ಉಪಚಾರವಲ್ಲ. ಜನರು ಕೊಟ್ಟ ನೆಲಕ್ಕೂ ಚಂದಾಕ್ಕೂ ತೆರಿಗೆಗೂ ಸಲ್ಲಿಸಬೇಕಾದ ಋಣ. ಋಷಿಋಣವು ಅಧ್ಯಯನದಿಂದ ತೀರುವುದೆಂದು ನಮ್ಮವರು ಹೇಳುವರು. ಅಧ್ಯಾಪನವಿಲ್ಲದಿದ್ದರೆ ಆ ಅಧ್ಯಯನವು ಒಂದು ತಲೆಮಾರಿಗೇ ನಿಲ್ಲುವುದು. ಎರಡನೆಯದಾಗಿ, ಇದು ಋಣ ಮಾತ್ರವಲ್ಲ, ಬಿತ್ತನೆಯೂ ಹೌದು. ಫ್ಯಾರಡೆಯ ಚೀಟಿಯೂ ರಾಮನ್ನರು ಕಂಡ ಹಲಗೆಯೂ ಇದಕ್ಕೆ ಸಾಕ್ಷಿ. ಬಿತ್ತುವವನಿಗೆ ಯಾವ ಕಾಳು ಮೊಳೆಯುವುದೆಂದು ತಿಳಿಯದು, ಸರ್ಕಾರರಿಗೂ ತಿಳಿಯಲಿಲ್ಲ. ಮೂರನೆಯದಾಗಿ, ಅರ್ಥವಾಗದ ಮಾತಿನಲ್ಲಿ ತೆರೆದ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ.

ಆದುದರಿಂದ ಕನ್ನಡನಾಡಿನ ಸಂಶೋಧನಾಲಯಗಳು ಪ್ರದರ್ಶನದ ಪ್ರತಿಯೊಂದು ಫಲಕವನ್ನೂ ಕನ್ನಡದಲ್ಲಿಯೂ ಬರೆಯಿಸುವುದು, ವಿವರಿಸುವ ತರುಣರಿಗೆ ಹತ್ತಾರು ಕನ್ನಡ ವಾಕ್ಯಗಳನ್ನಾದರೂ ಮುಂಚಿತವಾಗಿ ಕಲಿಸುವುದು, ಪರಿಚಾರಕವರ್ಗದವರನ್ನು ಹಿಂದೆ ನಿಲ್ಲಿಸದೆ ಮುಂದೆ ಕರೆಯುವುದು ಅವಶ್ಯಕ. ಭಾಷಾಪಂಡಿತರಾದ ನಾವೂ ಆ ದಿನ ಮನೆಯಲ್ಲಿ ಕುಳಿತಿರದೆ ಅಲ್ಲಿಗೆ ಹೋಗಿ, ಜನರು ವಸ್ತುವನ್ನು ಕಂಡಾಗ ತಾವಾಗಿ ಏನೆಂದು ಕರೆಯುವರೆಂಬುದನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳಬೇಕು. ‘ಗಡ್ಡೆ ಕಟ್ಟಿತು’ ಎಂದ ಆ ವೃದ್ಧೆಯ ಮಾತನ್ನು ನಾನು ಅಂದೇ ಬರೆದುಕೊಂಡೆನು. ಘನೀಭವನವೆಂಬ ನನ್ನ ಶಬ್ದವು ಅದರ ಪಕ್ಕದಲ್ಲಿದೆ; ಎರಡರಲ್ಲಿ ಯಾವುದು ಉಳಿಯಬೇಕೆಂಬುದನ್ನು ಪ್ರಯೋಗವು ನಿರ್ಣಯಿಸಲಿ.